ಈಶಾನ್ಯಕ್ಕೆ ತಿರುಗಿದ ಬಚ್ಚಲು

ಮಧುಗಿರಿಯ ಪೇಟೆಬೀದಿಯಲ್ಲಿ ಜವಳಿ ಅಂಗಡಿ ಇಟ್ಟುಕೊಂಡಿದ್ದ ವೃಷಭೇಂದ್ರಪ್ಪನ ಮನೆಗೆ ನೆಂಟರು ಬಂದು ಸ್ನಾನಕ್ಕೆ ಎದ್ದರೆ ಸಾಕು, ಅಡುಗೆಮನೆಯಿಂದ "ತಲೆ, ತಲೆ!" ಎಂದು ಕೂಗು ಬರುತ್ತಿತ್ತು. ಕೂಗಿ ಮುಗಿಯುವುದರೊಳಗೆ ಟೊಪ್ ಎಂದು ಸದ್ದಾಗಿಬಿಡುತ್ತಿತ್ತು. ಬಚ್ಚಲುಮನೆಯ ತೊಲೆಗೆ ಹಣೆ ಒಪ್ಪಿಸದೆ ಮಿಂದು ಬಂದ ನೆಂಟ ಆ ಮನೆಯ ಇತಿಹಾಸದಲ್ಲೇ ಅಪರೂಪ. ಹಾಗಂತ ತೊಲೆಯೇನೂ ಕೆಳಗೆ ಇಳಿದಿರಲಿಲ್ಲ, ಪಾಪ. ಅದು ಅಪ್ಪನ ಕಾಲದಲ್ಲಿ ಎಲ್ಲಿತ್ತೋ ಅಲ್ಲೇ ಇತ್ತು. ನೆಲ ಮೇಲೇರಿತ್ತು. ಏರಿಸಿದ ಪುಣ್ಯಾತ್ಮ ಖುದ್ದು ವೃಷಭೇಂದ್ರಪ್ಪನೇ.

ಯಾಕೆ ಏರಿಸಿದ ಎಂದರೆ ಅವನಿಗೆ ಆಯದ ಹುಚ್ಚು. ಮನೆ ಕಟ್ಟುವ ಜಾಗದ ಉದ್ದಗಲ ಗುಣಿಸಿ, ಎಂಟರಿಂದ ಭಾಗಿಸಿ, ಉಳಿದ ಶೇಷ ನೋಡಿ ಇದು ಗಜಾಯ, ಇದು ಸಿಂಹಾಯ, ಇದು ಖರಾಯ ಎಂದು ಹೇಳುವ ವಿದ್ಯೆ ಅದು. ಆನೆಯೋ ಸಿಂಹವೋ ಬಂದರೆ ಮನೆ ಏಳಿಗೆ, ಕತ್ತೆ ಬಂದರೆ ಗೋಡೆ ಕೆಡವಿ ಮತ್ತೆ ಕಟ್ಟು. ಸೋದರಮಾವನಿಂದ ಅರ್ಧ ಕಲಿತು, ಉಳಿದರ್ಧವನ್ನು ಧೈರ್ಯದಿಂದಲೇ ತುಂಬಿಕೊಂಡಿದ್ದ ವೃಷಭೇಂದ್ರಪ್ಪ, ಸೀರೆ ಅಳೆಯುವ ಗಜದಕೋಲನ್ನೇ ಹಿಡಿದು ಊರವರ ನಿವೇಶನ ಅಳೆಯುತ್ತಿದ್ದ. ಕಾಸು ಮುಟ್ಟುತ್ತಿರಲಿಲ್ಲ. "ವೃಷಭೇಂದ್ರಪ್ನೋರು ಹೇಳಿದ್ರೆ ಮುಗೀತು ಬುಡಿ" ಎಂಬ ಒಂದು ಮಾತು ಕಿವಿಗೆ ಬಿದ್ದರೆ ಅವನಿಗೆ ಊಟವೇ ಬೇಡ.

ಅಪ್ಪ ಇರುವ ತನಕ ಆ ಮನೆಯ ಬಚ್ಚಲ ನೀರು ನೈಋತ್ಯಕ್ಕೆ, ಅಂದರೆ ಮುಂಬಾಗಿಲ ಪಕ್ಕದಿಂದ ಬೀದಿಯ ಚರಂಡಿಗೆ ಸರಾಗವಾಗಿ ಹೋಗುತ್ತಿತ್ತು. ಅಪ್ಪ ಲಿಂಗೈಕ್ಯನಾಗಿ ಯಜಮಾನಿಕೆ ಕೈಗೆ ಬಂದದ್ದೇ ತಡ, ಮಗನ ಕಣ್ಣು ಬಚ್ಚಲ ಮೇಲೆ ಬಿತ್ತು. ನೀರು ನೈಋತ್ಯಕ್ಕೆ ಹರಿದರೆ ಯಜಮಾನನ ಯಶಸ್ಸೂ ಅದರ ಜೊತೆಗೇ ಹರಿದು ಚರಂಡಿ ಸೇರುತ್ತದೆ, ನೀರೆಂಬುದು ಈಶಾನ್ಯಕ್ಕೇ ಹೋಗಬೇಕು ಎಂದು ಅವನ ವಿದ್ಯೆ ಹೇಳುತ್ತಿತ್ತು. ಹಳೇ ದಾರಿ ಮುಚ್ಚಿಸಿ, ಕುಂಬಾರರ ಕೈಲಿ ಮಣ್ಣಿನ ಕೊಳವೆ ಸುಡಿಸಿ, ತೊಟ್ಟಿಯ ಅಂಗಳದ ನೆಲದೊಳಗೆ ಹೂಳಿಸಿ, ಹಿತ್ತಿಲ ಮೂಲೆಯ ಓಣಿಗೆ ಬಾಯಿ ಬಿಡಿಸಿದ. ಎಲ್ಲ ಸರಿಯಾಗಿತ್ತು. ಒಂದೇ ಒಂದು ಸಣ್ಣ ತೊಡಕು ಏನೆಂದರೆ, ನೆಲದ ಇಳಿಜಾರು ನೈಋತ್ಯಕ್ಕಿತ್ತು. ಆ ಬೀದಿಯ ಭೂಮಿಯೇ ಹಾಗೆ. ಭೂಮಿ ಮಾಡಿದವನು ವೃಷಭೇಂದ್ರಪ್ಪನನ್ನು ಒಂದು ಮಾತು ಕೇಳಿ ಮಾಡಬೇಕಾಗಿತ್ತು, ಕೇಳಿರಲಿಲ್ಲ.

ಅದಕ್ಕೆ ಅವನು ಬಚ್ಚಲಿನ ನೆಲವನ್ನೇ ಎತ್ತರಿಸಿ ಇಳಿಜಾರು ಹುಟ್ಟಿಸಿದ. ನೀರು ಹರಿಯಿತು. ಹರಿಯುವುದನ್ನು ನೋಡಲಿ ಎಂದು ಬೀದಿಯವರನ್ನೆಲ್ಲ ಕರೆದು ಹಿತ್ತಿಲಲ್ಲಿ ನಿಲ್ಲಿಸಿದ. ಪಕ್ಕದ ಮನೆಯ ಬಸವಲಿಂಗಯ್ಯ ಅಂದೇ ತನ್ನ ಬಚ್ಚಲನ್ನೂ ತಿರುಗಿಸುವುದಾಗಿ ಮಾತುಕೊಟ್ಟ; ಅವನ ಹಿಂದೆ ಅರ್ಧ ಬೀದಿ ತಿರುಗಿತು. ಆಮೇಲೆ ವೃಷಭೇಂದ್ರಪ್ಪನ ಮನೆಯ ನೀರು ನಿಧಾನವಾಯಿತು. ನೆಲ ಇನ್ನಷ್ಟು ಎತ್ತಿದ. ಮತ್ತೆ ನಿಧಾನವಾಯಿತು. ಮತ್ತೆ ಎತ್ತಿದ. ಈಗ ಎರಡು ಮೆಟ್ಟಿಲು ಹತ್ತಿ, ತಲೆ ಬಗ್ಗಿಸಿ, ಗುಹೆಯೊಳಗೆ ಹೊಕ್ಕಂತೆ ಹೋಗಿ ಮೀಯಬೇಕಾಗಿತ್ತು.

ಇಷ್ಟಾದರೂ ಬಚ್ಚಲು ಕಟ್ಟಿಕೊಂಡೇ ಇತ್ತು. ಮಿಂದ ನೀರು ಪಾದ ಮುಳುಗಿಸಿಕೊಂಡು ನಿಲ್ಲುವುದು, ಅಂಗಳದ ಚಪ್ಪಡಿಯ ಸಂದಿಯಿಂದ ಸೀಗೆಪುಡಿ ಬೆರೆತ ಕಂದು ನೀರು ಜಿನುಗುವುದು, ಮಧ್ಯಾಹ್ನದ ಬಿಸಿಲಿಗೆ ಊಟ ಗಂಟಲಲ್ಲಿ ಇಳಿಯದ ಹಾಗೆ ವಾಸನೆ ಏಳುವುದು. ವೃಷಭೇಂದ್ರಪ್ಪ ಕಾರಣ ಹುಡುಕುವುದರಲ್ಲಿ ಹಿಂದೆ ಬಿದ್ದವನಲ್ಲ. ಮೊದಲು ಹೆಂಡತಿ ಸರೋಜಮ್ಮನ ಕೂದಲು ಎಂದ. ಅವಳು ತಲೆ ತೋರಿಸಿ "ಇರೋದೇ ಹಿಡಿಯಷ್ಟು, ಇದ್ರಲ್ಲಿ ಕೊಳವೆಗೆಷ್ಟು ಕೊಡ್ಲಿ?" ಎಂದಳು. ಆಮೇಲೆ ಹೆಗ್ಗಣ ಎಂದ. ಓಣಿಯ ಕಡೆಯ ಬಾಯಿಗೆ ಬೋನು ಇಟ್ಟ, ಪಕ್ಕದ ಮನೆಯ ಬೆಕ್ಕು ಬಿತ್ತು. ಬೇವಿನ ಬೇರು ಎಂದ; ಅಗೆದು ನೋಡಿದರೆ ಬೇರು ಬೇರೆ ದಿಕ್ಕಿಗೆ ಹೋಗಿತ್ತು, ಅದಕ್ಕೂ ಈಶಾನ್ಯ ಬೇಕಿರಲಿಲ್ಲ. ಕೊನೆಗೆ ಯಾರದೋ ಕಣ್ಣು ಬಿದ್ದಿದೆ ಎಂದು ಬಚ್ಚಲ ಬಾಗಿಲಿಗೆ ಮೆಣಸಿನಕಾಯಿ ಕಟ್ಟಿದ. ನಿಜವಾದ ಕಾರಣ ಅವನ ಮನಸ್ಸಿನ ಒಂದು ಮೂಲೆಯಲ್ಲಿ ಕೂತಿತ್ತು. ಅದು ಬಾಯಿ ತೆರೆಯಲು ಹೊರಟಾಗಲೆಲ್ಲ ಇವನು ಗಜದಕೋಲು ಹಿಡಿದು ಯಾರದಾದರೂ ಮನೆಗೆ ಹೊರಟುಬಿಡುತ್ತಿದ್ದ.

ಹೀಗೇ ಕಾಲ ಸವೆಯುತ್ತಿತ್ತೇನೋ. ಆದರೆ ಮಗಳು ಸರ್ವಮಂಗಳಾ ಚೊಚ್ಚಲ ಹೆರಿಗೆಗೆ ಶಿರಾದಿಂದ ತೌರಿಗೆ ಬಂದಳು.

ಇದ್ದವಳೊಬ್ಬಳೇ ಮಗಳು. ಬಸ್ಸಿನಿಂದ ಇಳಿದು ಹೊಟ್ಟೆ ಹಿಡಿದುಕೊಂಡು ನಡೆದು ಬಂದವಳನ್ನು ನೋಡಿ ವೃಷಭೇಂದ್ರಪ್ಪ ಸಂತೋಷದಿಂದ ಓಡಿ ಹೋಗಿ ಕೈಚೀಲ ಇಸಿದುಕೊಂಡ. ಅಂಗಡಿಗೆ ಹೋದವನು ಅರ್ಧ ದಾರಿಯಿಂದ ಏನೋ ಮರೆತವನ ಹಾಗೆ ವಾಪಸು ಬರುವುದು, ಮಗಳು ಪಡಸಾಲೆಯಲ್ಲಿ ಮಲಗಿರುವುದನ್ನು ನೋಡಿಕೊಂಡು ಮತ್ತೆ ಹೋಗುವುದು. ಮೊಮ್ಮಗು ತನ್ನ ಮನೆಯಲ್ಲೇ ಮೊದಲ ಸಲ ಅಳಬೇಕು, ಬಾಣಂತನ ಮುಗಿಯುವ ತನಕ ಮಗಳು ತನ್ನ ಸೂರಿನ ಕೆಳಗೇ ಇರಬೇಕು ಎಂಬುದು ಬಿಟ್ಟು ಅವನಿಗೆ ಆಗ ಬೇರೆ ಆಸೆಯೇ ಇರಲಿಲ್ಲ.

ಸೊಸೆಯ ಜೊತೆ ಬಂದಿದ್ದ ಬೀಗಿತ್ತಿ ಇಂದ್ರಮ್ಮ ಒಳಗೆ ಕಾಲಿಟ್ಟವರೇ ಸೆರಗು ಮೂಗಿಗೆ ಹಿಡಿದರು. ನೇರ ನಡೆದು ಬಚ್ಚಲು ನೋಡಿದರು. ತಲೆ ಬಗ್ಗಿಸಲು ಯಾರೂ ಹೇಳುವುದರೊಳಗೆ ಆಗಬೇಕಾದದ್ದು ಆಯಿತು.

"ಏನ್ ಬೀಗ್ರೇ ಇದು?" ಹಣೆ ಉಜ್ಜಿಕೊಳ್ಳುತ್ತಾ ಇಂದ್ರಮ್ಮ ಕೇಳಿದರು. "ಹಸೀ ಬಾಣಂತಿಗೆ ದಿನಾ ಹಂಡೆಗಟ್ಟಲೆ ಬಿಸಿನೀರು ಹುಯ್ಬೇಕು. ಆ ನೀರು ಎಲ್ಲಿಗೋಯ್ತದೆ? ತೊಟ್ಟಿಲ ಕೆಳಕ್ಕಾ? ಈ ಗಬ್ಬಿನಾಗೆ ಎಳೇ ಕೂಸು ಮಲಗಿಸೋಕಾಯ್ತದಾ?"

"ಎಲ್ಲಾ ಸರಿಮಾಡುಸ್ತೀನಿ ಬೀಗಿತ್ತಿ" ಎಂದ ವೃಷಭೇಂದ್ರಪ್ಪ.

"ಬರೋ ಸೋಮವಾರ ಬರ್ತೀನಿ. ಅಷ್ಟ್ರೊಳಗೆ ಬಂದೋಬಸ್ತಾಗಿದ್ರೆ ಸರಿ. ಇಲ್ದಿದ್ರೆ ನನ್ ಸೊಸೇನ ನಾನು ಕರ್ಕೊಂಡೋಗ್ತೀನಿ. ನಮ್ ಹಿತ್ಲು ದೊಡ್ಡದು, ತಡಿಕೆ ಕಟ್ಟಿ ನೀರು ಹುಯ್ತೀನಿ." ಹೀಗಂದು ಅವರು ಮಾರನೇ ದಿನದ ಬಸ್ಸಿಗೆ ಶಿರಾಕ್ಕೆ ಹೊರಟರು.

ಚೊಚ್ಚಲ ಬಾಣಂತನಕ್ಕೆ ಬಂದ ಮಗಳನ್ನು ಬಚ್ಚಲ ನಾತಕ್ಕೆ ಹೆದರಿ ಅತ್ತೆಮನೆಯವರು ವಾಪಸು ಕರೆದೊಯ್ದರು ಎಂದರೆ ಆಮೇಲೆ ತಾನು ಯಾವ ಮುಖ ಹೊತ್ತು ಪೇಟೆಬೀದಿಯಲ್ಲಿ ಓಡಾಡುವುದು? ಅದು ಹಾಗಿರಲಿ. ಮಗಳು ಹೊರಟುಹೋದ ಪಡಸಾಲೆಯನ್ನು ನೆನೆಸಿಕೊಂಡು ಅವನು ಅಂದು ಅಂಗಡಿಯ ಬಾಗಿಲನ್ನೇ ತೆಗೆಯಲಿಲ್ಲ.

ದೊಡ್ಡೇರಿಯಿಂದ ಓಬಳಯ್ಯನನ್ನು ಕರೆಸಿದ. ಅಗೆಯುವ, ಗಾರೆ ಹಾಕುವ ಕೆಲಸಕ್ಕೆಲ್ಲ ಅವನೇ. ಎಲ್ಲಿ ಕಟ್ಟಿದೆ ಎಂದು ತಿಳಿಯಲು ವೃಷಭೇಂದ್ರಪ್ಪ ಮೊದಲು ಬಚ್ಚಲಿಗೆ ಅರಿಸಿನ ಕದಡಿದ ನೀರು ಸುರಿಸಿ, ತಾನು ಓಣಿಯ ಕಡೆಯ ಬಾಯಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಕಾದ. ಹಳದಿ ನೀರು ಬರಲೇ ಇಲ್ಲ. ಒಳಗೆ ಬಂದು ನೋಡಿದರೆ ಅಂಗಳದ ನಡುಮಧ್ಯೆ ಚಪ್ಪಡಿ ಸಂದಿಯಿಂದ ಮದುವೆಮನೆಯ ಹಾಗೆ ಅರಿಸಿನದ ನೀರು ಹಬ್ಬಿತ್ತು. ಅಲ್ಲಿಗೆ ಕೊಳವೆ ಒಡೆದಿರುವ ಜಾಗ ಸಿಕ್ಕಿತು. ಚಪ್ಪಡಿ ಎಬ್ಬಿಸಿ ಅಗೆದರು. ಎರಡು ಕೊಳವೆ ಸೇರುವ ಕಡೆ ಗಾರೆ ಬಿರಿದಿತ್ತು, ಒಳಗೆ ಬೂದಿ, ಸೀಗೆಪುಡಿ, ಎಣ್ಣೆಜಿಡ್ಡು ಎಲ್ಲ ಸೇರಿ ಗಟ್ಟಿ ಮುದ್ದೆಯಾಗಿ ಕೂತಿತ್ತು. ಓಬಳಯ್ಯ ಬಿದಿರು ಸೀಳಿನಿಂದ ಅದನ್ನು ಕೆದಕಿ ತೆಗೆದ.

"ಸಿಕ್ತು ಬುಡಿ ಸ್ವಾಮಿ, ಕಳ್ಳ ಸಿಕ್ಬುಟ್ಟ" ಎಂದು ಓಬಳಯ್ಯ ಕೈ ತೊಳೆದುಕೊಂಡ.

ವೃಷಭೇಂದ್ರಪ್ಪನೂ ಹಾಗೇ ಅಂದುಕೊಂಡು ಎದ್ದುಬಿಡಬಹುದಿತ್ತು. ಆದರೆ ಮುದ್ದೆ ಅಲ್ಲೇ ಯಾಕೆ ಕೂತಿತು, ನೀರು ಅದನ್ನು ಯಾಕೆ ತಳ್ಳಿಕೊಂಡು ಹೋಗಲಿಲ್ಲ? ಅಡುಗೆಮನೆಯಿಂದ ಒಂದು ನಿಂಬೆಹಣ್ಣು ತರಿಸಿ, ತೆರೆದ ಕೊಳವೆಯೊಳಗೆ ಬಿಟ್ಟು, ಬಚ್ಚಲಿನಿಂದ ನೀರು ಹುಯ್ಯಲು ಹೇಳಿದ. ನಿಂಬೆಹಣ್ಣು ನೀರಿನ ರಭಸಕ್ಕೆ ಈಶಾನ್ಯದ ಕಡೆ ಒಂದಷ್ಟು ತೇಲಿತು. ನಿಂತಿತು. ಆಮೇಲೆ ಯಾವ ಅವಸರವೂ ಇಲ್ಲದೆ ಹಿಂದಕ್ಕೆ ತೇಲಿ ಬಂದು ಅವನ ಬೆರಳಿಗೆ ತಾಗಿತು. ಇನ್ನೊಂದು ಸಲ ಬಿಟ್ಟ. ಇನ್ನೊಂದು ಸಲ ಬಂತು. ಒಳ್ಳೇ ಸಾಕಿದ ನಾಯಿಯ ಹಾಗೆ ಅದು ತಿರುಗಿ ತಿರುಗಿ ಅವನ ಹತ್ತಿರಕ್ಕೇ ಬರುತ್ತಿತ್ತು.

"ಎಲಾ ವೃಷಭೇಂದ್ರ" ಎಂದುಕೊಂಡ ಅವನು, ಗುಂಡಿಯ ಅಂಚಿನಲ್ಲಿ ಕೂತು. "ನಿಮ್ಮಪ್ಪ ಹೆಸರಿನಲ್ಲೇ ಎತ್ತು ಇಟ್ಟಿದ್ದಾನೆ, ಆಯ ನೋಡಿದರೆ ಕತ್ತೆಯದು ಬರುತ್ತೆ. ನೀರು ತಗ್ಗಿಗೆ ಹರಿಯುತ್ತೆ ಅಂತ ಐ.ಡಿ.ಹಳ್ಳಿಯ ಕುರಿಗೂ ಗೊತ್ತು. ನಿನಗೆ ಇಷ್ಟು ವರ್ಷ ಬೇಕಾಯಿತಲ್ಲೋ." ಮೊದಮೊದಲು ನಗು ಬಂತು. ಆಮೇಲೆ ಬೀದಿಯ ಅರ್ಧ ಮನೆಗಳ ಬಚ್ಚಲು ಕಣ್ಣೆದುರು ಬಂದು ನಗು ನಿಂತಿತು.

ಇನ್ನೊಂದು ಸಲ ನೆಲ ಎತ್ತಿಸಿಬಿಡೋಣವೇ ಎಂಬ ಆಸೆ ಆಗಲೂ ಹೋಗಿರಲಿಲ್ಲ. ಸರೋಜಮ್ಮ ಅವನ ಮುಖ ನೋಡಿಯೇ ಕಂಡುಹಿಡಿದಳು. "ಇನ್ನೂ ಎತ್ತುಸ್ರೀ, ಎತ್ತುಸಿ. ಮಂಗಳಿ ತುಂಬಿದ ಬಸುರಿ ತೆವಳ್ಕೊಂಡೋಗಿ ಮೀಲಿ" ಎಂದು ಪಾತ್ರೆ ಕುಕ್ಕಿ ಒಳಗೆ ಹೋದಳು. ಆ ಮಾತು ನಾಟಿತು. ಹಳೇ ದಾರಿಯನ್ನೇ ತೆರೆಯುವುದು, ನೈಋತ್ಯಕ್ಕೆ ಹೊಸ ಕೊಳವೆ ಹಾಕುವುದು ಎಂದು ಓಬಳಯ್ಯನಿಗೆ ಹೇಳಿದ.

ಓಬಳಯ್ಯ ಸನಿಕೆ ಕೆಳಗಿಟ್ಟ. "ನಾನೊಲ್ಲೆ ಸ್ವಾಮಿ."

"ಯಾಕೋ?"

"ನೈರುತ್ಯಕ್ಕೆ ಬಚ್ಲು ನೀರು ಬುಟ್ರೆ ಯಜಮಾನ್ರಿಗೆ ಕೇಡು ಅಂತ ನೀವೇ ಹೇಳಿದ್ರಿ. ಅದ್ಕೇ ನಮ್ ಗುಡಿಸ್ಲುದೂ ತಿರುಗಿಸ್ಕೊಂಡಿವ್ನಿ. ನಿಮ್ಮನೆ ಉಪ್ಪು ತಿಂದು ನಿಮ್ಗೆ ಕೇಡು ಮಾಡಾಕೆ ನನ್ ಕೈಲಾಗಾಕಿಲ್ಲ."

"ಲೇ, ನಾನೇ ಹೇಳ್ತಾ ಇದ್ದೀನಿ ಕಣ್ಲಾ, ಅದು ಸುಳ್ಳು."

"ಈಗ ಬಾಯಾಗೆ ಇಂಗಂತೀರಿ. ಮಗಳ ಚಿಂತೆಗೆ ನಿಮ್ಗೆ ತಲೆ ಕೆಟ್ಟೈತೆ" ಎಂದು ಓಬಳಯ್ಯ ಮರುಕದಿಂದ ನೋಡಿದ. ತಾನು ಬಿತ್ತಿದ್ದು ಇಷ್ಟು ಆಳಕ್ಕೆ ಬೇರು ಬಿಟ್ಟಿದೆಯೆಂದು ವೃಷಭೇಂದ್ರಪ್ಪನಿಗೆ ತಿಳಿದಿರಲಿಲ್ಲ. ಕಚ್ಚೆ ಬಿಗಿದು ತಾನೇ ಗುಂಡಿಗೆ ಇಳಿದ. ಗಜದಕೋಲು ಹಿಡಿದ ಅಂಗೈಗೆ ಸನಿಕೆ ಒಗ್ಗಲಿಲ್ಲ. ಬೊಬ್ಬೆ ಎದ್ದು ಒಡೆಯಿತು. ಯಜಮಾನ ನರಳುವುದನ್ನು ನೋಡಲಾರದೆ ಓಬಳಯ್ಯ, ಮಣ್ಣು ಹೊರುವುದಷ್ಟೇ ತನ್ನದು, ಅಗೆದ ಪಾಪ ನಿಮ್ಮದು ಎಂದು ಕರಾರು ಮಾಡಿಕೊಂಡು ಬುಟ್ಟಿ ಎತ್ತಿದ.

ಅಗೆತ ಮುಂಬಾಗಿಲ ಜಗಲಿಯ ಹತ್ತಿರ ಬಂದಾಗ ಬಸವಲಿಂಗಯ್ಯ ಇಣುಕಿದ. "ಏನ್ ವೃಷಭೇಂದ್ರಪ್ನೋರೆ, ಇತ್ಲಾಗೆ ಅಗೀತಿದೀರಿ? ಹೊಸಾ ಆಯಾನಾ?"

ನಿಜ ಹೇಳಲು ಬಾಯಿ ತೆರೆದವನು "ಹೂಂ, ಬಾಣಂತಿ ಇರೋ ಮನೆಗೆ ಮಾತ್ರ ನೈಋತ್ಯ ವಿಹಿತ" ಎಂದುಬಿಟ್ಟ. ಹೇಳಿದ ಮೇಲೆ ತನಗೇ ಅಸಹ್ಯವಾಯಿತು. ಸೊಂಟದ ತನಕ ಕೊಚ್ಚೆಯಲ್ಲಿ ನಿಂತೂ ಶಾಸ್ತ್ರ ಹುಟ್ಟಿಸುತ್ತೀಯಲ್ಲೋ, ನಾಲಿಗೆಗೆ ನಾಚಿಕೆಯಿಲ್ಲವೇ ಎಂದು ಬೈದುಕೊಂಡ. ಬಸವಲಿಂಗಯ್ಯ ಮಾತ್ರ "ಅದಕ್ಕೇ ನೋಡಿ, ಓದಿದೋರು ಓದಿದೋರೇ" ಎಂದು ಜಗಲಿಯ ಮೇಲೆ ಕೂತು ನೋಡತೊಡಗಿದ. ಇನ್ನೂ ನಾಲ್ಕು ಜನ ಬಂದು ಸೇರಿದರು.

ಸೋಮವಾರ ಇಂದ್ರಮ್ಮ ಬಂದಿಳಿದಾಗ ಕೆಲಸ ಅರ್ಧವೂ ಆಗಿರಲಿಲ್ಲ. ಅಂಗಳದಿಂದ ಮುಂಬಾಗಿಲ ತನಕ ನೆಲ ಬಾಯಿ ಬಿಟ್ಟಿತ್ತು. ಯಜಮಾನ ಒಳಗೆ ಬಗ್ಗಿ ನಿಂತಿದ್ದ, ತಲೆ ಮಾತ್ರ ಕಾಣುತ್ತಿತ್ತು. ವಾಸನೆ ಮೊದಲಿಗಿಂತ ಹೆಚ್ಚಾಗಿತ್ತು. ಹೊಸಲಲ್ಲಿ ನಿಂತಿದ್ದ ಸೊಸೆಯ ಕಡೆ ತಿರುಗಿ ಇಂದ್ರಮ್ಮ ಬೀದಿಯವರಿಗೆಲ್ಲ ಕೇಳುವ ಹಾಗೆ ಅಂದರು: "ನೋಡಿದ್ಯಾ ಮಂಗಳಿ? ನೀನು ಕಾಲಿಟ್ಟ ಕಡೆ ಹಿಂಗೇ. ಅಲ್ಲೂ ಕಟ್ತು, ಇಲ್ಲೂ ಕಟ್ತು. ಎಲ್ಲಾ ನಿನ್ ಕಾಲ್ಗುಣ. ನಡಿ, ಬಟ್ಟೆ ತುಂಬ್ಕೋ, ಜಲ್ದಿ."

ಸರ್ವಮಂಗಳಾ ಇಂಥ ಮಾತು ಕೇಳಿ ಅಭ್ಯಾಸವಿದ್ದವಳ ಹಾಗೆ ತಲೆ ತಗ್ಗಿಸಿ ಒಳಗೆ ತಿರುಗಿದಳು.

"ಬೀಗಿತ್ತಿ, ಅಲ್ಲೂ ಕಟ್ತು ಅಂದ್ರೆ?" ಗುಂಡಿಯೊಳಗಿನಿಂದ ವೃಷಭೇಂದ್ರಪ್ಪ ಕೇಳಿದ.

"ನಮ್ಮನೇ ಬಚ್ಲು ಕಣ್ರೀ. ಇವಳು ಗೃಹಪ್ರವೇಶ ಮಾಡಿದ ವರ್ಷವೇ ಕಟ್ಕೊಂಡ್ತು. ಅದುಕ್ಕೆ ಮುಂಚೆ ಒಂದು ದಿನ ಕಟ್ಟಿದ್ದಿಲ್ಲ. ಖುಲ್ಲಾ ಹರೀತಿತ್ತು."

ವೃಷಭೇಂದ್ರಪ್ಪನಿಗೆ ಆ ವರ್ಷ ನೆನಪಾಯಿತು. ಮದುವೆ ನಿಶ್ಚಯವಾದ ಮೇಲೆ ಶಿರಾಕ್ಕೆ ಹೋಗಿದ್ದವನು ಉಂಡು ಎಲೆಯಡಿಕೆ ಹಾಕಿಕೊಂಡು ಸುಮ್ಮನೆ ಬರಲಿಲ್ಲ. ಮಗಳು ಬಾಳುವ ಮನೆ ಎಂದು ಗಜದಕೋಲು ತೆಗೆದು ಮೂಲೆ ಮೂಲೆ ಅಳೆದು, ಬೀಗರನ್ನು ಒಪ್ಪಿಸಿ, ಎದುರಿಗೇ ನಿಂತು ಅವರ ಬಚ್ಚಲನ್ನೂ ಈಶಾನ್ಯಕ್ಕೆ ತಿರುಗಿಸಿ ಬಂದಿದ್ದ. ಮಗಳಿಗೆ ಕೊಟ್ಟ ಬಳುವಳಿಯಲ್ಲೆಲ್ಲ ಇದೇ ದೊಡ್ಡದು ಎಂದು ಬೀಗುತ್ತಾ ಬಂದಿದ್ದ.

ಜಗಲಿಯ ಮೇಲೆ ಬಸವಲಿಂಗಯ್ಯ ಇದ್ದ. ಬೀದಿಯ ಜನ ಇದ್ದರು. ಈಗಲೂ ಒಂದು ಶಾಸ್ತ್ರ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ನಾಲಿಗೆಯ ತುದಿಗೆ ಒಂದು ಬಂದೂ ಇತ್ತು. ಅದನ್ನು ನುಂಗಿ ಅವನು ಗಟ್ಟಿಯಾಗಿ ಹೇಳಿದ.

"ಕಾಲ್ಗುಣ ಅಲ್ಲ ಬೀಗಿತ್ತಿ, ತಲೆಗುಣ. ನನ್ ತಲೆಗುಣ. ನೀರಿಗೆ ದಿಣ್ಣೆ ಹತ್ತು ಅಂದೋನು ನಾನು. ನಮ್ಮನೇದೂ ನಾನೇ ಕೆಡಿಸ್ದೆ, ನಿಮ್ಮನೇದೂ ನಾನೇ ಕೆಡಿಸ್ದೆ. ಆಯಾನೂ ಇಲ್ಲ ಸುಡುಗಾಡೂ ಇಲ್ಲ. ನನ್ ಮಗಳು ಏನೂ ಮಾಡಿಲ್ಲ."

ಬಸವಲಿಂಗಯ್ಯ ಮೆಲ್ಲಗೆ ಕೇಳಿದ, "ಅಂಗಾದ್ರೆ ನಮ್ಮನೇದು?"

"ನಿಮ್ದೂ."

"ನಂದು?" ಎಂದ ಓಬಳಯ್ಯ, ತಲೆಯ ಮೇಲೆ ಬುಟ್ಟಿ ಹೊತ್ತು.

"ನಿಂದೂ ಕಣೋ."

ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ವೃಷಭೇಂದ್ರಪ್ಪ ಗುಂಡಿಯಲ್ಲಿ ನಿಂತು ಆ ನಗುವನ್ನೆಲ್ಲ ಮೈಮೇಲೆ ಹುಯ್ಯಿಸಿಕೊಂಡ. ಇಂದ್ರಮ್ಮ ಮಾತ್ರ ನಗಲಿಲ್ಲ. ಜಗಲಿಯ ಅಂಚಿನಲ್ಲಿ ಕುಸಿದು ಕೂತರು. ಯಾರಿಗೆ ಹೇಳುತ್ತಿದ್ದಾರೋ ತಿಳಿಯದ ಹಾಗೆ, "ಇವಳಿಂದ ಕಟ್ತೈತೆ ಅಂತ ಮೀಯಾಕೆ ಒಂದೇ ಚೊಂಬು ನೀರು ಅಂತ ಕಟ್ಟುಮಾಡಿದ್ದೆ ಕಣ್ರೀ. ತಲೆಗೆ ಎರಕೊಳ್ಳೋದುನ್ನೂ ಬಿಡಿಸಿದ್ದೆ. ಒಂದಿನ ತುಟಿ ಎರಡು ಮಾಡ್ಲಿಲ್ಲ" ಎಂದರು. ಇಲ್ಲೇ ಬಾಣಂತನ ಆಗಲಿ, ಕೆಲಸ ಮುಗಿಯಲಿ, ಆಮೇಲೆ ಶಿರಾಕ್ಕೂ ಬಂದು ನಮ್ಮದನ್ನೂ ಅಗೆಯಿರಿ ಎಂದು ಹೇಳಿ, ತಾವೂ ಎರಡು ದಿನ ಉಳಿದುಕೊಂಡರು.

ವೃಷಭೇಂದ್ರಪ್ಪ ಮಣ್ಣಿನ ಕೈಯಲ್ಲೇ ಒಳಗೆ ಹೋದ. ಮಗಳು ಗೋಡೆಗೆ ಒರಗಿ ಕೂತಿದ್ದಳು.

"ಮಂಗಳಿ, ಇಷ್ಟು ದಿನ ಯಾಕವ್ವ ನನಗೆ ಹೇಳಲಿಲ್ಲ?"

ಅವಳು ಕೋಪವಿಲ್ಲದೆ ಅವನನ್ನು ನೋಡಿದಳು. "ಹೇಳಿದ್ರೆ ನೀನು ಬಂದು ಮತ್ತೆ ಆಯ ಎಣಿಸ್ತಿದ್ದೆ ಅಪ್ಪಯ್ಯ. ಎಣಿಸಿ, ತಪ್ಪು ನಂದೇ ಅಂತ ಹೇಳ್ತಿದ್ದೆ."

ಖಂಡಿತ ಅವನು ಹಾಗೇ ಹೇಳುತ್ತಿದ್ದ. ಮಗಳ ಕಾಲನ್ನೇ ಅಳೆದು ಶೇಷ ತೆಗೆಯುತ್ತಿದ್ದ. ಅಲ್ಲಿ ನಿಲ್ಲಲಾರದೆ ಹೊರಗೆ ಬಂದು ಗುಂಡಿಗೆ ಇಳಿದು ಅಗೆಯತೊಡಗಿದ. ಕಣ್ಣೀರು ಬಂತು, ಕೈ ಕೊಚ್ಚೆಯಾಗಿದ್ದರಿಂದ ಒರೆಸಿಕೊಳ್ಳಲೂ ಆಗಲಿಲ್ಲ.

ಈ ಸಲ ಯಾವ ಲೆಕ್ಕವನ್ನೂ ನಂಬದೆ, ಅಗೆದ ಕಾಲುವೆಗೆ ಮೊದಲು ಬರೀ ನೀರು ಬಿಟ್ಟು, ಅದು ನಿಂತ ಕಡೆಯೆಲ್ಲ ಕೆರೆದು ತಗ್ಗು ಮಾಡಿದರು. ಆಮೇಲೆ ಕೊಳವೆಗಳನ್ನು ಒಂದರ ಬಾಯಿಗೆ ಒಂದು ಸೇರಿಸಿ, ಸಂದಿಗೆ ಸುಣ್ಣದ ಗಾರೆ ಮೆತ್ತಿ ಒಣಗಲು ಬಿಟ್ಟರು. ಮತ್ತೆ ಕಟ್ಟಿದರೆ ಕೆದಕಲು ಅನುಕೂಲವಾಗಲೆಂದು ನಡುವೆ ಒಂದು ಕಡೆ ಕಲ್ಲಿನ ಮುಚ್ಚಳ ಇಟ್ಟರು. ಬಚ್ಚಲ ನೆಲವನ್ನು ಒಡೆದು ಅಪ್ಪನ ಕಾಲದ ಮಟ್ಟಕ್ಕೆ ಇಳಿಸಿದರು.

ಗಾರೆ ಒಣಗಿದ ದಿನ ಬೆಳಿಗ್ಗೆ ಸರೋಜಮ್ಮ ಹಂಡೆ ಕಾಯಿಸಿ ಮಗಳನ್ನು ತಲೆಗೆ ಎರೆಯಲು ಕರೆದೊಯ್ದಳು. ವೃಷಭೇಂದ್ರಪ್ಪ ಬೀದಿಯಲ್ಲಿ, ಚರಂಡಿಯ ಅಂಚಿಗೆ, ಹೋಗಿ ಬರುವವರು ನೋಡುತ್ತಿದ್ದಾರೆಂಬ ಪರಿವೆಯಿಲ್ಲದೆ ಕುಕ್ಕರಗಾಲಲ್ಲಿ ಕೂತ. ಒಳಗೆ ಮೊದಲ ಚೊಂಬು ಬಿದ್ದ ಸದ್ದು ಕೇಳಿಸಿತು. ಸ್ವಲ್ಪ ತಡೆದು ಕೊಳವೆಯ ಬಾಯಿಂದ ಸೀಗೆಯ ನೊರೆ ಬೆರೆತ ಬೆಚ್ಚನೆ ನೀರು ಹೊರಗೆ ಬಂತು. ಆಮೇಲೆ ನಿಂತಿತು.

"ಸಾಕಮ್ಮ" ಎನ್ನುತ್ತಿದ್ದಳು ಮಗಳು ಒಳಗೆ.

"ಸಾಕಾಗಿಲ್ಲ!" ಎಂದು ಬೀದಿಯಿಂದಲೇ ಕೂಗಿದ ವೃಷಭೇಂದ್ರಪ್ಪ. "ಹುಯ್ಕೋ ಕಣಮ್ಮ, ಇನ್ನೂ ಹುಯ್ಕೋ!"

ಮತ್ತೆ ಚೊಂಬಿನ ಸದ್ದು, ಮತ್ತೆ ನೀರು. ಒಂದರ ಹಿಂದೆ ಒಂದು ಬರುತ್ತಲೇ ಇತ್ತು. ಹಂಡೆ ಬರಿದಾಯಿತು ಎಂದು ಸರೋಜಮ್ಮ ಕೂಗಿ ಹೇಳಿದಾಗ ಅವನು ಎದ್ದು, ಬೊಬ್ಬೆ ಒಡೆದ ಕೈಗೆ ಪಂಚೆಯ ತುದಿ ಸುತ್ತಿಕೊಂಡು, ತಾನೇ ಬಾವಿಗೆ ಹೋಗಿ ನೀರು ಸೇದತೊಡಗಿದ.